ಹೊಲಿಗೆ ದೀಪದ ಹಗಲು

"ಎಲ್ಲಿ ಹಾಕಿದ್ರಿ ಅಂತ ಕೇಳ್ತಿದೀನಿ ಭಾವ! ಬಾಯಲ್ಲಿ ಏನಿಟ್ಕೊಂಡಿದೀರಿ?"

"ಕಸಕ್ಕೆ ಹಾಕ್ದೆ! ಕಸಕ್ಕೆ! ಇನ್ನೂ ಜೋರಾಗಿ ಹೇಳ್ಬೇಕಾ? ತಿನ್ನಲ್ಲ, ಮೊಟ್ಟೆ ಇಡಲ್ಲ, ಮೂಲೇಲಿ ಮುದುಡ್ಕೊಂಡು ಕೂತಿರೋ ದಂಡಪಿಂಡಗಳಿಗೆ ನನ್ನ ರ್‍ಯಾಕಿನಲ್ಲಿ ಜಾಗ ಇಲ್ಲ. ಬೇಕಿದ್ರೆ ನಿನ್ನ ತಲೆ ಮೇಲೆ ಇಟ್ಕೊಂಡು ಸಾಕು!"

ಹುಳುಮನೆಯ ಯಜಮಾನ ಕೂಗಿದ ರಭಸಕ್ಕೆ ರ್‍ಯಾಕಿನ ತಗಡು ಕೂಡ ಜುಮ್ಮೆಂದಿತು. ಅವನ ಬಾಯಿ ಇಡೀ ಬೀದಿಗೆ ಗೊತ್ತಿದ್ದದ್ದೇ. ಅವನಲ್ಲಿ ಹುಳು ಕೊಳ್ಳುವ ತೋಟದವರು ಎದುರಿಗೆ 'ಯಜಮಾನ್ರೇ' ಎಂದು ಕರೆದು, ಬೆನ್ನು ತಿರುಗಿಸಿದ ಮೇಲೆ 'ಕೆಂಡಣ್ಣ' ಎನ್ನುತ್ತಿದ್ದರು. ಅದು ಅವನ ಕಿವಿಗೂ ಬಿದ್ದಿತ್ತು. ಬಿದ್ದರೂ ಸುಮ್ಮನಿದ್ದ, ಏಕೆಂದರೆ ಇಟ್ಟ ಹೆಸರು ಸರಿಯಾಗಿಯೇ ಇತ್ತು.

ಆದರೆ ಆವತ್ತು ಅವನೇ ಬೆಚ್ಚಿಬಿದ್ದದ್ದು ಭಾಮೈದನ ಕೂಗಿಗೆ. ಹೆಂಡತಿಯ ಈ ತಮ್ಮ ಮನೆಗೆ ಬಂದಾಗಿನಿಂದ 'ಹೂಂ', 'ಉಹೂಂ', 'ಸಾಕು ಅಕ್ಕ' ಬಿಟ್ಟು ಬೇರೆ ಮಾತು ಆಡಿದ್ದೇ ಅಪರೂಪ. ಅಂಥವನು ಈಗ ಖಾಲಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತಿದ್ದ. ಕುತ್ತಿಗೆಯ ನರ ಉಬ್ಬಿತ್ತು.

"ಅವು ನನ್ನ ಹುಳ ಅಲ್ಲ ಭಾವ. ಆ ತೋಟದ್ದು. ತೋಟ ಹೋಯ್ತು. ಇನ್ನು ಎಲ್ಲಿಂದ ತರ್ಲಿ?"

ತಪ್ಪಿನಲ್ಲಿ ಸಿಕ್ಕಿಬಿದ್ದಾಗ ಯಜಮಾನ ಮಾಡುವುದು ಒಂದೇ: ಇನ್ನೂ ಜೋರಾಗಿ ಕೂಗುವುದು. ಬಾಯಿ ತೆರೆದ. ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ ಬಂದು ಇಬ್ಬರ ನಡುವೆ ನಿಂತಳು. ಹೊಲಿಯುತ್ತಿದ್ದ ಚೀಲ ಇನ್ನೂ ಕೈಯಲ್ಲೇ ಇತ್ತು.

"ಕಸಕ್ಕೆ ಅಂದ್ರೆ ಹಿತ್ತಿಲ ಎಲೆ ರಾಶಿಗೆ ತಾನೇ? ಗಾಡಿಯವನು ಇನ್ನೂ ಒಯ್ದಿಲ್ಲ. ಇಲ್ಲಿ ನಿಂತು ಕಿರುಚೋ ಬದಲು ಹೋಗಿ ಹುಡುಕಿ. ಇಬ್ರೂ!"

ಹುಡುಕಬೇಕಾಗಿದ್ದದ್ದು ಗುಲಗಂಜಿ ಹುಳುಗಳನ್ನು. ಕೆಂಪು ಬೆನ್ನು, ಕಪ್ಪು ಚುಕ್ಕೆ, ಅಂಗೈಯಲ್ಲಿ ಬಿಟ್ಟರೆ ಬೆರಳ ತುದಿಗೆ ಹತ್ತಿ ಹಾರುವ ಆ ಪುಟ್ಟ ಜೀವಗಳೇ ಈ ಮನೆಯ ಅನ್ನ. ಗಿಡದ ಚಿಗುರಿಗೆ ಮುತ್ತುವ ಹೇನುಗಳನ್ನು ಇವು ಕಡಲೆ ಮೆಲ್ಲಿದ ಹಾಗೆ ಮೆಲ್ಲುತ್ತವೆ. ಹಾಗಾಗಿ ವಿಷ ಹೊಡೆಯಲು ಮನಸ್ಸಿಲ್ಲದ ಬೆಳೆಗಾರರು ಬಟ್ಟೆ ಚೀಲದಲ್ಲಿ ಇವನ್ನು ಒಯ್ದು ತಮ್ಮ ಗಾಜಿನ ಮನೆಗಳಲ್ಲಿ ಬಿಡುತ್ತಿದ್ದರು. ಯಜಮಾನನ ಅಪ್ಪ ಶುರುಮಾಡಿದ ಕಸುಬು ಅದು. ಮುಂದೆ ಅಂಗಡಿ. ಹಿಂದೆ ಕಿಟಕಿಗೆ ಹಲಗೆ ಹೊಡೆದ ಕೋಣೆಯಲ್ಲಿ ರ್‍ಯಾಕುಗಳು, ರ್‍ಯಾಕಿನ ಮೇಲೆ ಟ್ರೇಗಳು, ಟ್ರೇಗಳಲ್ಲಿ ಹೇನು ಹತ್ತಿದ ಬೀನ್ಸ್ ಸಸಿಗಳು, ಸಸಿಯ ಮೇಲೆ ಹುಳುಗಳು. ಬೆಳಗ್ಗೆ ಅಂಗಡಿಯ ಶಟರ್ ಎತ್ತಿದಾಗ ಕೋಣೆಯ ದೀಪ ಹತ್ತಬೇಕು, ಸಂಜೆ ಶಟರ್ ಎಳೆದಾಗ ಆರಬೇಕು. ಅಪ್ಪನ ಕಾಲದಿಂದ ಅದೇ ಪದ್ಧತಿ. ಹುಳುಗಳಿಗೂ ಅಂಗಡಿಯ ಟೈಮೇ.

ಅಪ್ಪ ಹೇಳಿಕೊಟ್ಟ ಇನ್ನೊಂದು ಪದ್ಧತಿಯೂ ಇತ್ತು. ಚುರುಕಾಗಿ ತಿಂದು ಮೊಟ್ಟೆ ಇಡುವವನ್ನು ಮುಂದಿನ ಸಂತಾನಕ್ಕೆ ಉಳಿಸಿಕೊಳ್ಳುವುದು, ಮಂಕಾಗಿ ಕೂತವನ್ನು ಹೊರಗೆ ಬಿಸಾಡುವುದು. ಯಜಮಾನ ಪ್ರತಿ ಬೆಳಗ್ಗೆ ಕೈಯಲ್ಲಿ ಸಣ್ಣ ಕುಂಚ ಹಿಡಿದು, ಶಾಲಾ ಮೇಷ್ಟ್ರು ಹುಡುಗರನ್ನು ನೋಡಿದ ಹಾಗೆ ಟ್ರೇಗಳನ್ನು ನೋಡುತ್ತಾ ಹೋಗುತ್ತಿದ್ದ. ಕುಂಚ ಕಿವಿಗೆ ಸಿಕ್ಕಿಸಿಕೊಂಡು ಹೊರಬಂದರೆ ಆ ದಿನ ಎಲ್ಲರೂ ಪಾಸು.

ಭಾಮೈದ ಬಂದದ್ದು ಬೇಸಿಗೆಯ ನಡುವೆ, ದೂರದ ಬಡಗಣ ಸೀಮೆಯಿಂದ. ಅಲ್ಲಿ ಒಬ್ಬ ಮುದುಕನ ಸೇಬಿನ ತೋಟದಲ್ಲಿ ಮರ ಸವರುವ ಕೆಲಸದಲ್ಲಿದ್ದ. ಮುದುಕ ಸತ್ತ ಮೇಲೆ ಮಕ್ಕಳು ತೋಟ ಕಡಿಸಿದರು. ಗರಗಸ ಬರುವ ಮುಂಚೆ ಇವನು ಮರದಿಂದ ಮರಕ್ಕೆ ಹೋಗಿ, ಕೊಂಬೆ ಅಲುಗಿಸಿ, ಅಲ್ಲಿದ್ದ ಗುಲಗಂಜಿ ಹುಳುಗಳನ್ನು ಮರದ ಪೆಟ್ಟಿಗೆಗೆ ತುಂಬಿಕೊಂಡಿದ್ದ. ಸುತ್ತಲಿನ ತೋಟಗಳಲ್ಲೆಲ್ಲ ವಿಷ ಹೊಡೆದು ಹೊಡೆದು ಹುಳುವಿನ ಸುಳಿವೇ ಇರಲಿಲ್ಲವಂತೆ. ಅದೇ ಸೀಮೆಯಲ್ಲಿ ಒಬ್ಬಾಕೆ ಹೊಸ ತೋಟ ಹಾಕುತ್ತಿದ್ದಳು. ಬರುವ ವಸಂತಕ್ಕೆ ಸಸಿಗಳು ಚಿಗುರುತ್ತವೆ, ಅಲ್ಲಿಯವರೆಗೆ ಇವನ್ನು ಎಲ್ಲಾದರೂ ಬದುಕಿಸಿಕೊಂಡಿರು ಎಂದಿದ್ದಳು. ಹುಳು ಸಾಕುವ ಭಾವ ಇರುವಾಗ ಇನ್ನೆಲ್ಲಿಗೆ ಹೋಗಬೇಕು?

"ನಿನ್ನ ತಮ್ಮ ತವರಿನಿಂದ ನಿನಗೆ ಸೀರೆ ತರ್ತಾನೆ ಅಂದ್ಕೊಂಡಿದ್ದೆ," ಎಂದು ಯಜಮಾನ ಆವತ್ತು ಹೆಂಡತಿಯನ್ನು ಛೇಡಿಸಿದ್ದ. "ಚುಕ್ಕೆ ಸೀರೆ ಕಣೇ. ಸಾವಿರಾರು ಚೂರು ಮಾಡಿ ತಂದಿದಾನೆ."

ರ್‍ಯಾಕಿನಲ್ಲಿ ಎಲ್ಲಕ್ಕೂ ಜಾಗ ಸಾಲದೆ ಒಂದು ಟ್ರೇ ಅಡುಗೆಮನೆಯ ಕಿಟಕಿಗೆ ಹೋಯಿತು. ಅಲ್ಲಿಂದಲೇ ರಗಳೆ ಶುರುವಾದದ್ದು. ಕೆಲವು ವಾರಗಳಲ್ಲಿ ಅಡುಗೆಮನೆಯ ಹುಳುಗಳು ತಿಂದು ಮೊಟ್ಟೆ ಇಟ್ಟು, ಮರಿಗಳು ಎಲೆಯ ಮೇಲೆಲ್ಲ ಓಡಾಡತೊಡಗಿದವು. ರ್‍ಯಾಕಿನವು ಮಾತ್ರ ಒಂದೊಂದಾಗಿ ತಿನ್ನುವುದನ್ನು ಬಿಟ್ಟು ಟ್ರೇಯ ಮೂಲೆಗೆ ಸರಿದು, ಒಂದರ ಮೈಗೊಂದು ಒತ್ತಿಕೊಂಡು ಕೂತವು. ಹೊರಗೆ ಇನ್ನೂ ಬೆವರು ಇಳಿಸುವ ಸೆಕೆ. ಅವುಗಳ ಪಕ್ಕದ ಟ್ರೇಯಲ್ಲಿ ಯಜಮಾನನ ಸ್ವಂತ ಹುಳುಗಳು ಅದೇ ದೀಪದ ಕೆಳಗೆ, ಅದೇ ಹೇನು ತಿಂದು, ಸಂಸಾರ ಬೆಳೆಸುತ್ತಿದ್ದವು. ಭಾಮೈದನಿಗೂ ತಲೆಬುಡ ತಿಳಿಯಲಿಲ್ಲ. "ನಮ್ಮಲ್ಲಿ ಚಳಿ ಬಿದ್ದ ಮೇಲೆ ಮಲಗ್ತವೆ. ಸೆಕೇಲಿ ಮಲಗಿದ್ದು ನಾನು ನೋಡೇ ಇಲ್ಲ," ಎಂದು ತಲೆ ಕೆರೆದುಕೊಂಡ. ಚಳಿಗಾಲ ಕಾಲಿಡುವ ಹೊತ್ತಿಗೆ ಅವನು ಒಬ್ಬ ಸೌತೆ ಬೆಳೆಗಾರನ ಗಾಜಿನ ಮನೆಗೆ ಬಲೆ ಕಟ್ಟಲು ಬೇರೆ ಊರಿಗೆ ಹೋಗಬೇಕಾಯಿತು.

ಅವನು ಅತ್ತ ಹೋದದ್ದೇ ಯಜಮಾನ ತನ್ನ ಬುದ್ಧಿ ಓಡಿಸಿದ. ಅಡುಗೆಮನೆಯವು ಯಾಕೆ ಚುರುಕು? ಒಲೆಯ ಬಿಸಿ! ಇಷ್ಟು ಸುಲಭದ್ದು ಹೊಳೆಯಲಿಲ್ಲವಲ್ಲ ಎಂದು ರ್‍ಯಾಕಿನ ಕೆಳಗೆ ಹೀಟರ್ ತಂದಿಟ್ಟ. ಹುಳುಗಳು ಏಳಲಿಲ್ಲ. ಹೀಟರ್ ಏರಿಸಿದ. ಒಂದೆರಡು ಎದ್ದು ಸುತ್ತಾಡಿದವು, ಉಳಿದವು ಇನ್ನೂ ಒತ್ತಾಗಿ ಕೂತವು. ಕೆಲವು ಅಂಗಾತ ಬಿದ್ದವು. ಉಪಕಾರ ಮಾಡಲು ಹೋದವನಿಗೆ ಮುಖದ ಮೇಲೆ ಹೊಡೆದ ಹಾಗಾಯಿತು. ಒಂದು ಬೆಳಗ್ಗೆ ಕುಂಚ ಹಿಡಿದು ನಿಂತವನಿಗೆ ರೇಗಿ, ಒಂದು ಟ್ರೇ ಮಾತ್ರ ಬಿಟ್ಟು ಉಳಿದದ್ದನ್ನೆಲ್ಲ ಹಿತ್ತಿಲಿಗೆ ಒಯ್ದು ಕೊಡವಿಬಿಟ್ಟ. ಆ ಒಂದು ಟ್ರೇಯನ್ನು ಯಾಕೆ ಬಿಟ್ಟನೋ. ಬಹುಶಃ ಭಾಮೈದನ ಮುಖ ನೆನಪಾಗಿರಬೇಕು.

ಈಗ ಬಲೆ ಕೆಲಸ ಮುಗಿಸಿ ಮರಳಿದ ಆ ಭಾಮೈದ ಹಿತ್ತಿಲ ಗೋಡೆಯ ಬುಡದಲ್ಲಿ ಮಂಡಿಯೂರಿ ಎಲೆ ರಾಶಿಯನ್ನು ಬರಿಗೈಯಲ್ಲಿ ಬಿಡಿಸುತ್ತಿದ್ದ. ಗಾಳಿ ಕೊರೆಯುತ್ತಿತ್ತು. ಹಿಂದಿನ ದಿನವಷ್ಟೇ ಚರಂಡಿಯ ಅಂಚಿನ ನೀರು ಕಲ್ಲಾಗಿತ್ತು. ಯಜಮಾನ ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನೋಡಿದ. ಆಮೇಲೆ ಗೊಣಗುತ್ತಾ ತಾನೂ ಕೂತ.

"ಈ ಚಳೀಲಿ ಇನ್ನೂ ಬದುಕಿರ್ತವಾ? ಹುಚ್ಚ."

ಭಾಮೈದ ರಾಶಿಯ ಆಳಕ್ಕೆ ಕೈ ಹಾಕಿದ. ಒಣ ಬೀನ್ಸ್ ಬಳ್ಳಿ, ಕೊಳೆತ ಎಲೆ, ಒಡೆದ ಟ್ರೇಯ ಚೂರು ಎಲ್ಲ ಪಕ್ಕಕ್ಕೆ ಹೋಯಿತು. ಒಂದೂ ಇಲ್ಲ. ರಾಶಿಯ ಅಡಿಯಲ್ಲಿ ಮಡಚಿ ಬಿದ್ದಿದ್ದ ಹಳೆಯ ಗೋಣಿ ಚೀಲವೊಂದು ಕಂಡಿತು. ಯಜಮಾನನೇ ಅದರ ತುದಿ ಹಿಡಿದು ಮಡಿಕೆ ಬಿಚ್ಚಿದ. ಬಿಚ್ಚಿದವನ ಕೈ ಅಲ್ಲೇ ನಿಂತಿತು.

ಮಡಿಕೆಯ ಒಳಗೆ, ಯಾರೋ ಮುಷ್ಟಿಗಟ್ಟಲೆ ಗುಲಗಂಜಿ ಕಾಳು ಸುರಿದು ಅಚ್ಚುಕಟ್ಟಾಗಿ ಜೋಡಿಸಿದ ಹಾಗೆ, ಅವು ಕೂತಿದ್ದವು. ತಲೆಗೆ ತಲೆ, ಬೆನ್ನಿಗೆ ಬೆನ್ನು. ರಾಶಿಯ ನಾಲ್ಕು ಕಡೆ ಚೆಲ್ಲಿದವು ನಡೆದುಕೊಂಡು ಬಂದು, ಗಾಳಿ ನುಗ್ಗದ, ನೀರು ಇಳಿಯದ, ಆ ಹಿತ್ತಿಲಲ್ಲೇ ಅತ್ಯಂತ ಒಳ್ಳೆಯ ಜಾಗವನ್ನು ತಾವೇ ಹುಡುಕಿಕೊಂಡಿದ್ದವು.

ಯಜಮಾನ ಒಂದನ್ನು ಉಗುರಿನ ತುದಿಯಿಂದ ಮುಟ್ಟಿದ. ಅದು ಕಾಲು ಮಡಚಿಕೊಂಡಿತು. ಮಂಡಿಯ ಸಂದಿನಿಂದ ಒಂದು ಹಳದಿ ಹನಿ ಮೆಲ್ಲಗೆ ಒಸರಿತು. ಆ ಕಟು ವಾಸನೆ ಅವನಿಗೆ ಹುಟ್ಟಿದಾಗಿನಿಂದ ಗೊತ್ತು. ಸತ್ತ ಹುಳು ಹೀಗೆ ಸಿಟ್ಟು ಮಾಡುವುದಿಲ್ಲ.

"ಬದುಕಿವೆ," ಎಂದ. ಧ್ವನಿ ಅವನಿಗೇ ಗುರುತು ಸಿಗದಷ್ಟು ಸಣ್ಣಗಿತ್ತು.

ಭಾಮೈದ ಗೋಣಿಯನ್ನು ಇದ್ದ ಹಾಗೇ ಮಡಚಿ, ಮೇಲೆ ಎಲೆ ಹೊದಿಸಿ, ಅದರ ಮೇಲೊಂದು ಹಲಗೆ ಇಟ್ಟ. ಎದ್ದು ನಿಂತು, ಮಣ್ಣಾದ ಕೈಗಳಿಂದಲೇ ಕಣ್ಣು ಒರೆಸಿಕೊಂಡ. ಯಜಮಾನ ಬೇರೆ ಕಡೆ ನೋಡಿದ.

ಒಳಗೆ ಬಂದು ರ್‍ಯಾಕಿನಲ್ಲಿ ಉಳಿಸಿದ್ದ ಆ ಒಂದು ಟ್ರೇಯನ್ನು ದೀಪದ ಕೆಳಗೆ ತಂದರು. ಹೀಟರಿನ ಬಿಸಿಯಲ್ಲಿದ್ದವು ಒಂದೂ ಉಳಿದಿರಲಿಲ್ಲ. ಊದಿದರೆ ಹೊಟ್ಟಿನ ಹಾಗೆ ಹಾರಿದವು. ಒಳಗೆ ಏನೂ ಇಲ್ಲದ ಬರೀ ಚಿಪ್ಪು.

"ತೋಟದ ಮುದುಕ ಹೇಳ್ತಿದ್ದ," ಎಂದ ಭಾಮೈದ. "ಮಲಗೋಕೆ ಮುಂಚೆ ಹೊಟ್ಟೇಲಿ ಕೊಬ್ಬು ಕಟ್ಕೊಳ್ತವಂತೆ. ಚಳಿ ಇದ್ರೆ ಅದು ಕರಗೋದು ನಿಧಾನ, ಬುತ್ತಿ ವಸಂತದವರೆಗೂ ಬರುತ್ತೆ. ಬೆಚ್ಚಗಾದ್ರೆ ಬೇಗ ಬೇಗ ಕರಗುತ್ತೆ. ಇವು ತಿನ್ನೋದೂ ಇಲ್ಲ..."

"ಸರಿ, ನಾನೇ ಕೊಂದೆ ಅನ್ನು! ಸುತ್ತಿ ಬಳಸಿ ಯಾಕೆ ಹೇಳ್ತೀಯ?"

"ಕಸಕ್ಕೆ ಹಾಕಿ ಉಳಿಸಿದ್ದೂ ನೀವೇ ಅಲ್ವಾ ಭಾವ."

ಹೆಂಡತಿ ಮೊದಲು ನಕ್ಕಳು. ಯಜಮಾನ ಬಿಗಿಹಿಡಿದ. ಆಮೇಲೆ ಅವನ ಮೀಸೆಯೂ ಅದುರಿತು.

ನಗು ಮುಗಿದ ಮೇಲೂ ಒಂದು ಪ್ರಶ್ನೆ ಉಳಿಯಿತು. ಅಡುಗೆಮನೆಯವು ಯಾಕೆ ಮಲಗಲಿಲ್ಲ? ಯಜಮಾನ ಮತ್ತೆ ಒಲೆಯ ಮಾತೆತ್ತಿದ.

"ಯಾವ ಒಲೆ?" ಎಂದಳು ಹೆಂಡತಿ. "ಅಡುಗೆ ಮುಗಿಸಿ ಒಲೆ ಆರಿಸಿದ ಮೇಲೆ ಈ ಮನೇಲಿ ಅಡುಗೆಮನೆಯಷ್ಟು ತಣ್ಣಗಿರೋ ಜಾಗ ಇನ್ನೊಂದಿಲ್ಲ. ದಿನಾ ಶಾಲು ಹೊದ್ದು ಕೂತು ನಿಮ್ಮ ಚೀಲ ಹೊಲೀತೀನಿ. ನೋಡಿದ್ರೆ ತಾನೇ ಗೊತ್ತಾಗೋದು!"

"ಹಾಗಾದ್ರೆ ಇನ್ನೇನು ಇದೆ ಅಲ್ಲಿ?"

ಮೂವರೂ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಒಲೆ, ಪಾತ್ರೆಗಳ ಕಪಾಟು, ಮೂಡಣ ಕಿಟಕಿ, ಕಿಟಕಿಯಲ್ಲಿ ಟ್ರೇ, ಟ್ರೇಯ ಪಕ್ಕ ಹೊಲಿಗೆ ಮೆಷಿನ್ನು. ಮೆಷಿನ್ನಿನ ಮೇಲೆ ಕತ್ತು ಬಗ್ಗಿಸಿದ ದೀಪ.

ಬೆಳಗಿನ ಮೊದಲ ಬೆಳಕು ಆ ಕಿಟಕಿಗೇ ಬೀಳುವುದು. ಸಂಜೆ ಅಂಗಡಿ ಮುಚ್ಚಿ, ಊಟವಾಗಿ, ಕೊನೆಯ ಚೀಲದ ಬಾಯಿಗೆ ದಾರ ಹಾಕುವವರೆಗೂ ಆ ದೀಪ ಉರಿಯುವುದು. ರ್‍ಯಾಕಿನ ಕೋಣೆಯಲ್ಲಿ ಶಟರ್ ಎಳೆದಾಗಲೇ ಕತ್ತಲು.

"ದೀಪ," ಎಂದ ಭಾಮೈದ ಪಿಸುಮಾತಿನಲ್ಲಿ. ಆಮೇಲೆ ಬಾಯಿಗೆ ಕೈ ಇಟ್ಟುಕೊಂಡು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟ. "ನಮ್ಮಲ್ಲಿ ಬೇಸಿಗೆ ಅಂದ್ರೆ, ಊಟ ಮಾಡಿ ಪಾತ್ರೆ ತೊಳೆದು ಹಾಸಿಗೆ ಹಾಸೋ ಹೊತ್ತಿಗೂ ಅಂಗಳದಲ್ಲಿ ಕೂತು ಸೂಜಿಗೆ ದಾರ ಪೋಣಿಸಬಹುದು ಭಾವ. ಬೆಳಗ್ಗೆ ನಾವು ಕಣ್ಣು ಬಿಡೋ ಮುಂಚೆ ಬಿಸಿಲು ಹಾಸಿಗೆ ಮೇಲೆ ಬಂದು ಕೂತಿರುತ್ತೆ. ನಿಮ್ಮೂರಲ್ಲಿ ಎಷ್ಟು ದೊಡ್ಡ ಹಗಲಾದ್ರೂ ಅದು ನಮಗೆ ಸೇಬು ಕೀಳೋ ಕಾಲದ ಹಗಲು. ಅದಾದ್ಮೇಲೆ ಹಿಮ ಬೀಳುತ್ತೆ."

"ಅಂದ್ರೆ ನನ್ನ ಕೋಣೆಯ ಬೇಸಿಗೆ..."

"ಇವಕ್ಕೆ ಚಳಿಗಾಲದ ಬಾಗಿಲು."

"ಮೈ ಮೇಲೆ ಬೆವರು ಇಳೀತಿದ್ರೂ?"

"ಬೆವರನ್ನ ನಂಬ್ತಾರಾ? ಸೇಬು ಕೀಳೋವಾಗ್ಲೂ ಒಂದೊಂದು ವಾರ ಸುಡು ಬಿಸಿಲು ಬೀಳುತ್ತೆ. ಅದನ್ನ ನಂಬಿ ಮೊಟ್ಟೆ ಇಟ್ರೆ ಮರಿಗಳೆಲ್ಲ ಹಿಮಕ್ಕೆ ಸಿಕ್ಕಿ ಸಾಯ್ತವೆ. ಸೆಕೆ, ಚಳಿ ಯಾವಾಗ ಬೇಕಾದ್ರೂ ಮಾತು ತಪ್ಪುತ್ತೆ. ಹಗಲು ಮಾತ್ರ ಯಾವ ವರ್ಷಾನೂ ತಪ್ಪಲ್ಲ."

ಯಜಮಾನನಿಗೆ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಬಾಯಿ ಮಾತಿಗೆ ಅವನು ಯಾವತ್ತೂ ಒಪ್ಪಿದವನಲ್ಲ, ಕಣ್ಣಿಗೆ ಕಂಡದ್ದನ್ನು ಇಲ್ಲ ಎಂದವನೂ ಅಲ್ಲ. ಅಡುಗೆಮನೆಯಲ್ಲೇ ಹುಟ್ಟಿ ಬೆಳೆಯುತ್ತಿದ್ದ ಮರಿಗಳನ್ನು ಎರಡು ಟ್ರೇಗೆ ಹಂಚಿದ. ಎರಡನ್ನೂ ಅದೇ ಕಿಟಕಿಯಲ್ಲಿ ಅಕ್ಕಪಕ್ಕ ಇಟ್ಟ. ಒಂದರ ಮೇಲೆ ಮಾತ್ರ ಪ್ರತಿದಿನ ಸಂಜೆ, ಶಟರ್ ಎಳೆದ ಕೂಡಲೇ, ಕಪ್ಪು ಬಟ್ಟೆ ಅಂಟಿಸಿದ ರಟ್ಟಿನ ಡಬ್ಬ ಕವುಚಿಟ್ಟು, ಬೆಳಗ್ಗೆ ಶಟರ್ ಎತ್ತಿದ ಮೇಲೆ ತೆಗೆಯುತ್ತಿದ್ದ. ಅದೇ ಗಾಳಿ, ಅದೇ ಬಿಸಿ, ಅದೇ ಹೇನು. ಮರೆಯಬಾರದೆಂದು ಡಬ್ಬವನ್ನು ತನ್ನ ಊಟದ ತಟ್ಟೆಯ ಮೇಲೆ ಇಡುತ್ತಿದ್ದ, ಊಟ ಮರೆಯುವ ಆಸಾಮಿ ಅವನಲ್ಲ.

ಮರಿಗಳು ಎಲೆಗೆ ಅಂಟಿ ಕೋಶಗಳಾಗಿ, ಬೆನ್ನು ಕೆಂಪಾಗಿ ಹೊರಬಂದವು. ದೀಪದ ಟ್ರೇಯಲ್ಲಿ ಹಳದಿ ಮೊಟ್ಟೆಗಳ ಗೊಂಚಲು ಎಲೆಯ ಅಡಿಯಲ್ಲಿ ಕಂಡವು. ಡಬ್ಬದ ಟ್ರೇಯವು ಹೊಟ್ಟೆ ತುಂಬ ತಿಂದು, ದುಂಡಗಾಗಿ, ಮೂಲೆಗೆ ನಡೆದು, ಕಾಲು ಮಡಚಿ ಕೂತವು.

ಯಜಮಾನ ಆ ಮೂಲೆಯನ್ನು ಎಷ್ಟು ಹೊತ್ತು ನೋಡಿದನೋ. ಹೆಂಡತಿ ಬಂದು "ಅನ್ನ ಆರ್ತಿದೆ" ಎಂದಳು. ಕೇಳಿಸಲಿಲ್ಲ.

"ಏ, ಇಲ್ಲಿ ಬಾರೇ. ನೋಡು ಇವನ್ನ. ಇವು ಆ ಊರು ನೋಡಿಲ್ಲ. ಸೇಬಿನ ಮರ ನೋಡಿಲ್ಲ. ಹಿಮ ಅಂದ್ರೆ ಏನು ಅಂತ ಗೊತ್ತಿಲ್ಲ. ಈ ಕಿಟಕೀಲೇ ಹುಟ್ಟಿದ್ದು. ಆದ್ರೂ ಹಗಲು ಇಷ್ಟು ಸಣ್ಣದಾಯ್ತು, ಇನ್ನು ಹಿಮ ಬರುತ್ತೆ ಅಂತ ಲೆಕ್ಕ ಹಾಕಿ ಕೂತಿವೆ. ಸಾಸಿವೆಯಷ್ಟೂ ಇಲ್ಲ ತಲೆ! ಅದರಲ್ಲಿ ಅಜ್ಜಿ ಮುತ್ತಜ್ಜಿ ಊರಿನ ಕ್ಯಾಲೆಂಡರ್ ಇಟ್ಕೊಂಡಿದಾವಲ್ಲೇ ಕಳ್ಳ ನನ್ಮಕ್ಳು!"

ಅವನ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿರಲಿಲ್ಲ. ಮಾರನೆಯ ದಿನದಿಂದ ಅಂಗಡಿಗೆ ಬಂದವರಿಗೆಲ್ಲ ಅದೇ ಪಾಠ. ಸೌತೆ ಬೆಳೆಗಾರ ಚೀಲ ಒಯ್ಯಲು ಬಂದರೆ ಕೈ ಹಿಡಿದು ಕಿಟಕಿಗೆ ಎಳೆದೊಯ್ದು, ಅವನು ಆಕಳಿಸುವವರೆಗೂ ವಿವರಿಸಿದ. "ಅರ್ಥ ಆಯ್ತಾ? ಆಗ್ಲಿಲ್ವಾ? ನಿನ್ನ ತಲೆ ಸಾಸಿವೆಗಿಂತ ದೊಡ್ಡದಿದೆ, ಅದೇ ತೊಂದ್ರೆ!"

ಚಳಿಗಾಲ ಪೂರ್ತಿ ಹಿತ್ತಿಲ ರಾಶಿಗೆ ಅವನೇ ಕಾವಲು. ಕಸದ ಗಾಡಿಯವನು ಅತ್ತ ಕಾಲಿಟ್ಟರೆ ಇವನ ಕೂಗು ಬೀದಿಯ ತುದಿಗೆ ಕೇಳುತ್ತಿತ್ತು. ಬೆಕ್ಕು ಹಲಗೆಯ ಮೇಲೆ ಮಲಗಿದರೆ ಚಪ್ಪಲಿ ಹಾರುತ್ತಿತ್ತು. ನಡುನಡುವೆ ತಡೆಯಲಾರದೆ ಒಂದಷ್ಟು ಹುಳುಗಳನ್ನು ಒಳಗೆ ತಂದು ನೋಡುತ್ತಿದ್ದ. ಮೊದಮೊದಲು ತಂದವು ಹೊಲಿಗೆ ದೀಪದ ಕೆಳಗೂ ಮುನಿಸಿಕೊಂಡವರಂತೆ ಕೂತೇ ಇದ್ದವು, ವಾರಗಳು ಕಳೆದ ಮೇಲೆ ಒಲ್ಲದ ಮನಸ್ಸಿನಿಂದ ಕಾಲು ಬಿಚ್ಚಿದವು. ಚಳಿ ಮುಗಿಯುತ್ತಾ ಬಂದಾಗ ತಂದವು ಬಿಸಿ ತಾಗಿದ ಕೂಡಲೇ ಎದ್ದು ಹೇನಿನ ಮೇಲೆ ಬಿದ್ದವು. ಅಂಗಡಿ ಟೈಮಿನ ರ್‍ಯಾಕಿನಲ್ಲಿ ಇಟ್ಟರೂ ಅವಕ್ಕೆ ಈಗ ಲೆಕ್ಕವಿಲ್ಲ.

"ಮಲಗಿಸೋದು ಹಗಲು, ನಿದ್ದೆ ಮುಗಿಸೋದು ಚಳಿ," ಎಂದ ಯಜಮಾನ. "ಪೂರ್ತಿ ಚಳಿ ಉಂಡ ಮೇಲೇನೇ ಎಚ್ಚರ. ನಡುವೆ ನಾನು ಹೀಟರ್ ಇಟ್ಟು ಏಳಿ ಏಳಿ ಅಂತ ಬಡ್ಕೊಂಡೆ. ಬೆಪ್ಪ."

ಕೊನೆಯ ಪದ ತನಗೇ ಅಂದುಕೊಂಡದ್ದು. ಹೆಂಡತಿ ಹೊಲಿಗೆ ನಿಲ್ಲಿಸಿ ಅವನ ಮುಖ ನೋಡಿದಳು. ಮದುವೆಯಾದ ಮೇಲೆ ಆ ಪದ ಅವನು ಬೇರೆಯವರಿಗೆ ಮಾತ್ರ ಖರ್ಚು ಮಾಡಿದ್ದ.

ಅದಾದ ಮೇಲೆ ಅವನ ತಲೆಗೆ ಹೊಸ ಹುಳು ಹೊಕ್ಕಿತು. ನನ್ನವಕ್ಕೂ ಈ ಊರಿನ ಹಗಲಿನ ಒಂದು ಲೆಕ್ಕ ಇರಬೇಕಲ್ಲವೇ? ತನ್ನ ಹುಳುಗಳ ಒಂದು ಟ್ರೇಯಲ್ಲಿ ಮರಿಗಳಿದ್ದಾಗಿನಿಂದಲೇ ಡಬ್ಬ ಕವುಚಿ, ಈ ಊರಿನ ಅತಿ ಸಣ್ಣ ಹಗಲಿನಷ್ಟೇ ಬೆಳಕು ಕೊಟ್ಟ. ಕಾದ. ಅವು ಬೆಳೆದು, ಎಂದಿನಂತೆ ತಿಂದು ಮೊಟ್ಟೆ ಇಟ್ಟವು. ಮತ್ತೆ ಮತ್ತೆ ನೋಡಿದ. ಬೆರಳೆಣಿಕೆಯಷ್ಟು ಮಾತ್ರ ಒಂದು ಮೂಲೆಯಲ್ಲಿ, ಏನೋ ಮರೆತವರ ಹಾಗೆ, ಮುದುಡಿ ಕೂತಿದ್ದವು.

"ಯಾಕೋ?" ಎಂದು ಭಾಮೈದನನ್ನು ಕೇಳಿದ.

ಭಾಮೈದ ಅವನ ಕಿವಿಯ ಮೇಲಿದ್ದ ಕುಂಚವನ್ನು ನೋಡಿದ. ಯಜಮಾನ ಕೈಯೆತ್ತಿ ಅದನ್ನು ಮುಟ್ಟಿಕೊಂಡ. ಅಪ್ಪನ ಕಾಲದಿಂದ ಪ್ರತಿ ಬೆಳಗ್ಗೆ ಆ ಕುಂಚ ಹೊರಗೆ ಗುಡಿಸಿದ್ದು ಮಂಕಾಗಿ ಕೂತವನ್ನು. ಅವು ಲೆಕ್ಕ ಬಲ್ಲವು ಎಂದು ಈಗ ತಿಳಿಯಿತು. ಉಳಿಸಿಕೊಂಡದ್ದು ನಿದ್ದೆಯೇ ಬಾರದವನ್ನು. ಅವನ ಹುಳು ಗಾಜಿನ ಮನೆಯೊಳಗೆ ಗಟ್ಟಿ, ಬಯಲಿನಲ್ಲಿ ಬಿಟ್ಟರೆ ಮೊದಲ ಚಳಿಗೆ ಸರ್ವನಾಶ ಎಂದು ತೋಟದವರು ದೂರುತ್ತಿದ್ದದ್ದು ನೆನಪಾಯಿತು. ಆಗೆಲ್ಲ ಅವರ ಮೇಲೆ ಹಾರಾಡಿದ್ದ. ಈಗ ಹಾರಾಡಲು ಯಾರೂ ಇರಲಿಲ್ಲ. ಕುಂಚವನ್ನು ಕಿವಿಯಿಂದ ತೆಗೆದು ಡ್ರಾಯರಿನಲ್ಲಿ ಹಾಕಿದ. ಮೂಲೆಯಲ್ಲಿ ಕೂತ ಆ ಕೆಲವನ್ನು ಹೊಸ ಪೆಟ್ಟಿಗೆಗೆ ಇಳಿಸಿ, ತಾನೇ ಒಯ್ದು ಹಿತ್ತಿಲ ಎಲೆ ರಾಶಿಯ ಇನ್ನೊಂದು ಬದಿಯಲ್ಲಿ ಇಟ್ಟ.

ಹೊರಗಿನ ಕೊಂಬೆಗಳಲ್ಲಿ ಮೊಗ್ಗು ಉಬ್ಬುವ ಮುಂಚೆ ಭಾಮೈದ ಹೊರಡುವ ಮಾತೆತ್ತಿದ. ಚಳಿ ಇರುವಾಗಲೇ, ಹುಳುಗಳು ಏಳುವ ಮುಂಚೆಯೇ ಒಯ್ಯಬೇಕಿತ್ತು.

"ಏನು ಅವಸರ?" ಎಂದ ಯಜಮಾನ. "ಇಲ್ಲೇ ಇರು. ಕಿಟಕಿ ಕಡೆ ರ್‍ಯಾಕೆಲ್ಲ ನಿಂದೇ ಅನ್ಕೋ. ನಿನ್ನ ಹುಳಕ್ಕೆ ಬೇರೆ ದೀಪ ಹಾಕಿಸ್ತೀನಿ, ಅವುಗಳ ಊರಿನ ಹಗಲು ಎಷ್ಟಿರುತ್ತೋ ಅಷ್ಟು. ಅಂಗಡಿ ಬೋರ್ಡಲ್ಲಿ 'ಭಾವ ಭಾಮೈದ' ಅಂತ ಬರೆಸೋಣ."

ಯಜಮಾನ ತನ್ನ ತಂಗಿಯ ಮದುವೆಯಲ್ಲೂ ಇಷ್ಟು ಮೆತ್ತಗೆ ಮಾತಾಡಿದವನಲ್ಲ. ಭಾಮೈದ ತಲೆ ತಗ್ಗಿಸಿದ.

"ದೀಪ ಹಾಕಿದ್ರೆ ಇಲ್ಲಿ ಬದುಕ್ತವೆ ಭಾವ. ಸ್ವಿಚ್ಚಿನ ಹಗಲು ಅದು. ಹೊರಗೆ ಬಿಟ್ರೆ ನಿಮ್ಮೂರಿನ ತುಂಬು ಬೇಸಿಗೇಲಿ, ಕಣ್ಣೆದುರಿಗೆ ಹೇನು ತುಂಬಿರೋವಾಗ, ಚಳಿಗಾಲ ಬಂತು ಅಂತ ಮಲಗಿಬಿಡ್ತವೆ. ಅವುಗಳ ಲೆಕ್ಕ ಸರಿಹೋಗೋದು ಆ ಊರಲ್ಲೇ."

"ಎಲ್ಲಾನೂ ಒಯ್ಬೇಡ. ಅರ್ಧ ಬಿಡು."

"ಅಡುಗೆಮನೆಯವು ಇರ್ಲಿ, ಅಕ್ಕನ ದೀಪಕ್ಕೆ ಹುಟ್ಟಿದವು. ಹಿತ್ತಿಲಿನವು ಬರಬೇಕು."

"ನಾನು ಕಾದಿದ್ದು ಕಣೋ! ಬೆಕ್ಕಿಗೆ ಚಪ್ಪಲಿ ಎಸೆದು ಎಸೆದು ಒಂದು ಜೊತೆ ಹಾಳಾಯ್ತು!"

"ಅದಕ್ಕೇ ಒಯ್ಯೋಕೆ ಏನಾದ್ರೂ ಉಳಿದಿದೆ," ಎಂದ ಭಾಮೈದ. ಅವನ ಬಾಯಲ್ಲಿ ಅಷ್ಟು ಉದ್ದದ ಕೃತಜ್ಞತೆ ಮತ್ತೆ ಬರುವುದಿಲ್ಲವೆಂದು ಯಜಮಾನನಿಗೆ ಗೊತ್ತಿತ್ತು. ಕೆಮ್ಮಿದ.

ಹೊರಡುವ ಬೆಳಗ್ಗೆ ಹಿತ್ತಿಲು ಮಂಜಿನಲ್ಲಿ ಬೂದಿ ಬಣ್ಣಕ್ಕಿತ್ತು. ಭಾಮೈದ ಗೋಣಿಯ ಮಡಿಕೆಯನ್ನು ಬಿಚ್ಚದೆ, ಮಲಗಿದ ಮಗುವನ್ನು ಎತ್ತಿದ ಹಾಗೆ ಎತ್ತಿ, ಬಲೆ ಮುಚ್ಚಳದ ಮರದ ಪೆಟ್ಟಿಗೆಯಲ್ಲಿ ಇಳಿಸಿದ. ಸುತ್ತ ಒಣ ಎಲೆ ತುಂಬಿದ. ಅಕ್ಕ ತಾನು ಹೊಲಿದ ಚೀಲದಲ್ಲಿ ತಿಂಡಿ ಕಟ್ಟಿಕೊಟ್ಟು, ಅವನ ಕಾಲರ್ ಸರಿಮಾಡಿ, ಇನ್ನೊಮ್ಮೆ ಸರಿಮಾಡಿದಳು.

ಯಜಮಾನ ಒಳಗಿನಿಂದ ತನ್ನ ಒಳ್ಳೆಯ ಸ್ವೆಟರ್ ತಂದ. ಯಾವ ಮದುವೆಗೂ ಹಾಕದೆ ಪೆಟ್ಟಿಗೆಯಲ್ಲಿ ಕಾಪಾಡಿದ್ದು. ಕುರ್ಚಿಯ ಮೇಲಿದ್ದ ಹುಳುವಿನ ಪೆಟ್ಟಿಗೆಗೆ ಅದನ್ನು ಸುತ್ತಿ, ತೋಳುಗಳನ್ನು ಗಂಟು ಹಾಕಿದ.

"ದಾರೀಲಿ ಚಳಿ ಆಗುತ್ತೆ."

ಭಾಮೈದ ಗಂಟು ಬಿಚ್ಚಿದ.

"ಏ! ಯಾಕೋ?"

"ಬೆಚ್ಚಗಾದ್ರೆ ದಾರೀಲೇ ಎದ್ದುಬಿಡ್ತವೆ ಭಾವ. ತಿನ್ನೋಕೆ ಏನೂ ಇರಲ್ಲ."

ಯಜಮಾನನ ಮುಖ ಕೆಂಪಾಯಿತು. ಚಳಿಗಾಲವಿಡೀ ಊರಿಗೆಲ್ಲ ಹೇಳಿಕೊಟ್ಟ ಪಾಠವನ್ನು ಬಾಗಿಲಲ್ಲಿ ನಿಂತು ತಾನೇ ಮರೆತಿದ್ದ. "ಹಾಗಾದ್ರೆ ನೀನಾದ್ರೂ ಹಾಕ್ಕೋ!" ಎಂದು ಕೂಗಿದ. "ಅದಕ್ಕೂ ಹಗಲು ನೋಡಿ ಹೇಳ್ಬೇಕಾ?"

"ದಾರಿಯುದ್ದಕ್ಕೂ ಪೆಟ್ಟಿಗೆ ಹಿಡ್ಕೊಂಡು ಹೋಗೋದು ನಾನು. ನನ್ನ ಮೈ ಬಿಸೀನೂ ತಾಗಬಾರದು," ಎಂದು ಭಾಮೈದ ನಕ್ಕ. ಸ್ವೆಟರನ್ನು ಅಚ್ಚುಕಟ್ಟಾಗಿ ಮಡಚಿ ಕುರ್ಚಿಯ ಮೇಲಿಟ್ಟ. ಪೆಟ್ಟಿಗೆಯ ಹಗ್ಗ ಕೈಗೆ ಸುತ್ತಿಕೊಂಡ.

"ಬೇಸಿಗೆ ಮುಗಿದ ಮೇಲೆ ಬಂದು ಹೇಳು. ಎದ್ವಾ, ಮರ ಹತ್ತಿದ್ವಾ, ಎಲ್ಲ. ಕಾಗದ ಗೀಗದ ಬೇಡ, ನಿನ್ನ ಬಾಯಲ್ಲೇ ಕೇಳ್ಬೇಕು. ಬರ್ತೀಯ ತಾನೇ?"

"ಹೂಂ," ಎಂದ ಭಾಮೈದ.

ಪೆಟ್ಟಿಗೆಯನ್ನು ಮೈಯಿಂದ ದೂರ, ಚಾಚಿದ ಕೈಯಲ್ಲಿ, ತುಂಬಿದ ಬಿಂದಿಗೆ ಹಿಡಿದವನ ಹಾಗೆ ಹಿಡಿದು, ತೆಳ್ಳನೆಯ ಅಂಗಿ ಗಾಳಿಗೆ ಪಟಪಟಿಸುತ್ತಿರಲು ಬೀದಿಗೆ ಇಳಿದ. ಶಟರ್ ಎತ್ತುವ ಹೊತ್ತಾಗಿತ್ತು. ಯಜಮಾನ ಎತ್ತಲಿಲ್ಲ. ಭುಜ ಸೆಟೆಸಿಕೊಂಡು, ನಡುಗುತ್ತಾ, ಆದರೆ ಕೈ ಒಂದಿಷ್ಟೂ ಅಲುಗದಂತೆ ನಡೆಯುತ್ತಿದ್ದ ಆ ಮನುಷ್ಯನನ್ನು ನೋಡುತ್ತಾ ನಿಂತ.

"ನಿನ್ನ ತಮ್ಮ," ಎಂದ ಹೆಂಡತಿಗೆ, "ಭಾರೀ ಆಸಾಮಿ ಕಣೇ."

ಭಾಮೈದ ಬೀದಿಯ ತುದಿಯಲ್ಲಿ ತಿರುಗಿ ಮರೆಯಾದ. ಆ ಬೇಸಿಗೆ ಮುಗಿಯಿತು, ಅದರ ಮುಂದಿನದೂ ಮುಗಿಯಿತು. ಯಾಕೋ ಏನೋ, ಅವನು ಮತ್ತೆ ಬರಲಿಲ್ಲ.